‘ಮುಳುಗಡೆ’ ಹುಡುಕಿದರೆ ಗಡಿ ಸಿಗುವುದೇಕೆ?

ಓದುಗರ ಪ್ರಶ್ನೆ, ಗಣಕದ ಉತ್ತರ

ಪ್ರಶ್ನೆ: ನಮ್ಮ ಗ್ರಂಥಾಲಯದಲ್ಲಿರುವ ಹಳೆಯ ಪತ್ರಿಕೆಗಳ ಸುದ್ದಿ ತುಣುಕುಗಳನ್ನು ಯೂನಿಕೋಡಿನಲ್ಲಿ ಟೈಪ್ ಮಾಡಿಸಿ, ಮ್ಯಾಂಟಿಕೋರ್ ಎಂಬ ಮುಕ್ತ ಹುಡುಕಾಟ ತಂತ್ರಾಂಶಕ್ಕೆ ತುಂಬಿದ್ದೇನೆ. ದಿನಾಂಕದ ಕ್ರಮದಲ್ಲಿ ಫಲಿತಾಂಶ ಕೇಳಿದಾಗ, ‘ಮುಳುಗಡೆ’ ಎಂದು ಹುಡುಕಿದರೆ ಗಡಿ ವಿವಾದದ ಸುದ್ದಿಗಳು ರಾಶಿ ಬೀಳುತ್ತವೆ. ಒಮ್ಮೆ ಗಡಿಯಾರದ ಜಾಹೀರಾತೂ ಬಂತು. ಯಂತ್ರಕ್ಕೆ ಕನ್ನಡ ತಿಳಿಯುವುದಿಲ್ಲವೇ? ನನ್ನ ಸಂರಚನಾ ಕಡತವನ್ನು ಲಗತ್ತಿಸಿದ್ದೇನೆ.
— ಗ್ರಂಥಪಾಲಕಿ, ಜಮಖಂಡಿ

ಉತ್ತರ: ನಿಮ್ಮ ಕಡತ ತೆರೆದ ಕೂಡಲೇ ಕಾರಣ ಕಣ್ಣಿಗೆ ಬಿತ್ತು. ‘ಚಾರ್‌ಸೆಟ್ ಟೇಬಲ್’ ಎಂಬ ಸಾಲಿನಲ್ಲಿ ನೀವು ‘ಅ’ದಿಂದ ‘ಹ’ವರೆಗಿನ ಅಕ್ಷರಗಳನ್ನು ಮಾತ್ರ ಸೇರಿಸಿದ್ದೀರಿ. ಕಾಗುಣಿತದ ಚಿಹ್ನೆಗಳು ಅಲ್ಲಿಲ್ಲ. ಆ ಪಟ್ಟಿಯಲ್ಲಿ ಇಲ್ಲದ ಪ್ರತಿಯೊಂದನ್ನೂ ಯಂತ್ರ ಖಾಲಿ ಜಾಗವೆಂದೇ ಎಣಿಸುತ್ತದೆ. ‘ಮುಳುಗಡೆ’ಯಲ್ಲಿ ಎರಡು ಉಕಾರ, ಕೊನೆಗೊಂದು ಎಕಾರ ಇವೆ. ಮೂರನ್ನೂ ಅಳಿಸಿ ಆ ಜಾಗಗಳಲ್ಲಿ ಪದ ಒಡೆದು ನೋಡಿ: ‘ಮ’, ‘ಳ’, ‘ಗಡ’. ಹುಡುಕಲೆಂದು ಯಂತ್ರ ಕಟ್ಟಿಕೊಳ್ಳುವ ಪದಪಟ್ಟಿಯಾದ ಸೂಚಿಯಲ್ಲಿ ಕೂತಿರುವುದು ಈ ಮೂರು ಚೂರುಗಳೇ. ‘ಗಡಿ’ ಕೂಡ ಇಕಾರ ಕಳೆದುಕೊಂಡು ‘ಗಡ’ ಆಗಿದೆ, ‘ಗಡಿಯಾರ’ದ ಮೊದಲ ಚೂರೂ ಅದೇ. ಇನ್ನು ‘ಮಾತು’ ಎಂಬ ಪದ ‘ಮ’ವನ್ನು ಕೊಡುತ್ತದೆ, ‘ಹೇಳಿದರು’ ಎಂಬುದು ‘ಳ’ವನ್ನು ಕೊಡುತ್ತದೆ. ಇವೆರಡೂ ಇಲ್ಲದ ಸುದ್ದಿ ಯಾವ ಪತ್ರಿಕೆಯಲ್ಲಿದೆ? ಹೀಗಾಗಿ ಗಡಿಯ ಬಗ್ಗೆ ಯಾರು ಏನು ಹೇಳಿದರೂ ಅದು ನಿಮ್ಮ ಯಂತ್ರಕ್ಕೆ ಮುಳುಗಡೆಯ ಸುದ್ದಿ.

ಇಷ್ಟು ದಿನ ಇದು ಗಮನಕ್ಕೆ ಬಾರದಿರಲು ಕಾರಣವೂ ಇದೆ. ಮ್ಯಾಂಟಿಕೋರ್ ತನ್ನ ರೂಢಿಯ ಕ್ರಮದಲ್ಲಿ ಫಲಿತಾಂಶ ಜೋಡಿಸುವಾಗ, ಹುಡುಕಿದ ಪದಗಳು ಅದೇ ಅನುಕ್ರಮದಲ್ಲಿ ಅಕ್ಕಪಕ್ಕ ಇರುವ ಪುಟಗಳಿಗೆ ಹೆಚ್ಚು ಅಂಕ ಕೊಡುತ್ತದೆ. ನಿಜವಾದ ‘ಮುಳುಗಡೆ’ಯಲ್ಲಿ ಆ ಮೂರು ಚೂರುಗಳು ಒಂದರ ಹಿಂದೊಂದು ಬರುವುದರಿಂದ ಸರಿಯಾದ ಪುಟಗಳು ಮೇಲೆ ತೇಲುತ್ತಿದ್ದವು. ನೀವು ದಿನಾಂಕದ ಕ್ರಮ ಕೇಳಿದಾಗ ಆ ರಕ್ಷಣೆ ಹೋಯಿತು.

ಪರಿಹಾರ ಸುಲಭ. ಯೂನಿಕೋಡ್ ಕನ್ನಡಕ್ಕೆ 128 ಸ್ಥಾನಗಳನ್ನು ಮೀಸಲಿಟ್ಟಿದೆ. ಅನುಸ್ವಾರ, ವಿಸರ್ಗ, ಎಲ್ಲ ಸ್ವರಚಿಹ್ನೆಗಳು ಮತ್ತು ಒತ್ತಕ್ಷರ ಮೂಡಿಸುವ ಹಲಂತ ನಿಮ್ಮ ಪಟ್ಟಿಗೆ ಬರಲಿ. ಹಲಂತವನ್ನು ಮರೆತರೆ ‘ಕೃಷ್ಣಾ’ ಮತ್ತೆ ಎರಡು ಹೋಳು. ಬಳಿಕ ಸೂಚಿಯನ್ನು ಮೊದಲಿನಿಂದ ಕಟ್ಟಬೇಕು. ಸಂರಚನೆ ಬದಲಿಸಿದ ಮಾತ್ರಕ್ಕೆ ಹಳೆಯ ಚೂರುಗಳು ತಾವಾಗಿ ಕೂಡಿಕೊಳ್ಳುವುದಿಲ್ಲ. ಕೊನೆಗೆ 9306ನೇ ಪೋರ್ಟಿಗೆ ಮೈಎಸ್‌ಕ್ಯೂಎಲ್ ಕ್ಲೈಂಟಿನಿಂದ ಸಂಪರ್ಕ ಪಡೆದು ‘ಕಾಲ್ ಕೀವರ್ಡ್ಸ್’ ಆದೇಶಕ್ಕೆ ಒಂದು ಪದ ಕೊಡಿ. ಯಂತ್ರ ಅದನ್ನು ಹೇಗೆ ಒಡೆಯಿತು ಎಂಬುದನ್ನು ಅದು ಬಿಡಿಸಿ ತೋರಿಸುತ್ತದೆ. ವೇಗ, ಮೆಮೊರಿ, ಅಂಕಗಳ ಹೊಂದಾಣಿಕೆ ಏನಿದ್ದರೂ ಈ ಒಂದು ಆದೇಶದ ನಂತರ.

ಅಂಕಿಗಳ ವಿಷಯವನ್ನು ಸ್ವಲ್ಪ ವಿಸ್ತಾರವಾಗಿ ಹೇಳಬೇಕು, ಏಕೆಂದರೆ ನಾನು ಅಲ್ಲೇ ಎಡವಿದ್ದೇನೆ. ನಾನು ಹಳೇ ಬಾಗಲಕೋಟೆಯವನು. ಆಲಮಟ್ಟಿಯ ಹಿನ್ನೀರು ನಮ್ಮ ಓಣಿಯನ್ನು ನುಂಗಿದ ಮೇಲೆ ನವನಗರಕ್ಕೆ ಬಂದವರು ನಾವು. ಕೆಲವು ವರ್ಷಗಳ ಹಿಂದೆ ಮುಳುಗಡೆ ಗ್ರಾಮಗಳ ಕಾಗದಪತ್ರಗಳನ್ನು ಹುಡುಕಲು ಒಂದು ಪುಟ್ಟ ವ್ಯವಸ್ಥೆ ಕಟ್ಟಿಕೊಟ್ಟಿದ್ದೆ. ಒಬ್ಬ ಅಜ್ಜಿ ಚೀಟಿ ಹಿಡಿದು ಬಂದರು. ಸರ್ವೆ ನಂಬರ್ 45/2. ನಾನೇ ಟೈಪ್ ಮಾಡಿದೆ. ‘ಯಾವ ಫಲಿತಾಂಶವೂ ಇಲ್ಲ’ ಎಂದು ಬಂತು. ಅವರು ಚೀಟಿಯನ್ನು ನಾಲ್ಕಾಗಿ ಮಡಚಿ ಸೆರಗಿನ ಗಂಟಿಗೆ ಕಟ್ಟಿಕೊಂಡು ಹೋದರು. ಮೂರು ದಿನಗಳ ನಂತರ ಬೇರೇನನ್ನೋ ನೋಡುವಾಗ ಆ ಪುಟ ಎದುರಿಗೆ ಬಂತು. ಟೈಪ್ ಮಾಡಿದವರು ಮೂಲದಲ್ಲಿದ್ದಂತೆ ‘೪೫/೨’ ಎಂದೇ ನಿಷ್ಠೆಯಿಂದ ಬರೆದಿದ್ದರು. ಯಂತ್ರಕ್ಕೆ ೪೫ ಬೇರೆ, 45 ಬೇರೆ. ಅವರ ಊರಿಗೇ ಹೋಗಿ ಆ ಪುಟದ ಪ್ರತಿ ಕೊಟ್ಟು ಬಂದೆ. ‘ಇಲ್ಲ’ ಎಂದು ತೆರೆ ಹೇಳಿದರೆ ಎದುರಿಗೆ ಕುಳಿತವರು ಕಾಗದವೇ ಇಲ್ಲವೆಂದು ತಿಳಿಯುತ್ತಾರೆ. ತಡವಾಗಿ ಬರುವ ಉತ್ತರಕ್ಕಿಂತ ಈ ಸುಳ್ಳು ‘ಇಲ್ಲ’ ನನ್ನನ್ನು ಹೆಚ್ಚು ಕಾಡುತ್ತದೆ. ಆದ್ದರಿಂದ ಅದೇ ಚಾರ್‌ಸೆಟ್ ಟೇಬಲಿನಲ್ಲಿ 0ಯಿಂದ 9ರವರೆಗಿನ ಅಂಕಿಗಳನ್ನೂ ಸೇರಿಸಿ, ಕನ್ನಡದ ಹತ್ತು ಅಂಕಿಗಳನ್ನು ಬಾಣದ ಗುರುತು ಹಾಕಿ ಅವಕ್ಕೆ ಹೊಂದಿಸಿ. ಆಗ ಯಾವ ಲಿಪಿಯ ಅಂಕಿಯಲ್ಲಿ ಕೇಳಿದರೂ ಎರಡೂ ಸಿಗುತ್ತವೆ.

ಇನ್ನು ವಿಭಕ್ತಿಗಳು. ಶಾಲೆಯಲ್ಲಿ ಕಲಿತ ಕನ್ನಡ ಸಂಧಿಗಳು ಇಲ್ಲಿ ನೇರವಾಗಿ ಕೆಲಸಕ್ಕೆ ಬರುತ್ತವೆ. ‘ಮುಳುಗಡೆಯಲ್ಲಿ’, ‘ಮುಳುಗಡೆಯಾದ’ ಆಗಮ ಸಂಧಿ. ಮೂಲ ಪದ ಹಾಗೆಯೇ ಉಳಿದಿರುವುದರಿಂದ ‘ಮುಳುಗಡೆ*’ ಎಂದು ನಕ್ಷತ್ರ ಹಚ್ಚಿದರೆ ಸಿಗುತ್ತವೆ. ಇದಕ್ಕೆ ನಕ್ಷತ್ರದ ಮೊದಲು ಕನಿಷ್ಠ ಎಷ್ಟು ಅಕ್ಷರ ಇರಬೇಕೆಂದು ಹೇಳುವ ‘ಮಿನ್ ಪ್ರಿಫಿಕ್ಸ್ ಲೆನ್’ ಎಂಬುದನ್ನು 2 ಎಂದು ಇಡಿ. ಚಿಹ್ನೆಯೂ ಒಂದು ಅಕ್ಷರವಾಗಿ ಎಣಿಕೆಗೆ ಬರುತ್ತದೆ ಎಂಬುದು ನೆನಪಿರಲಿ. ‘ಊರಲ್ಲಿ’ ಲೋಪ ಸಂಧಿ. ‘ಊರು*’ ಎಂದರೆ ಸಿಗದು. ಕೊನೆಯ ಉಕಾರ ತೆಗೆದು ‘ಊರ*’ ಎನ್ನಬೇಕು, ಜೊತೆಗೆ ಬರುವ ‘ಊರುಗೋಲ’ನ್ನು ಸಹಿಸಿಕೊಳ್ಳಬೇಕು. ಆದೇಶ ಸಂಧಿಗೆ ನಕ್ಷತ್ರ ಸಾಲದು. ‘ಕಾಲ’ ಎಂದು ಎಷ್ಟು ಹುಡುಕಿದರೂ ‘ಮಳೆಗಾಲ’ ಬರುವುದಿಲ್ಲ. ಅಂಥವನ್ನು ಕೈಯಾರೆ ಪಟ್ಟಿ ಮಾಡಬೇಕು.

ಪ್ರಶ್ನೆ: ಕಾಲೇಜಿನ ಪ್ರಾಜೆಕ್ಟಿಗಾಗಿ 8 ಜಿಬಿ ಮೆಮೊರಿಯ ಯಂತ್ರದಲ್ಲಿ ಹುಡುಕಾಟ ತಂತ್ರಾಂಶವಾದ ಎಲಾಸ್ಟಿಕ್‌ಸರ್ಚ್ ನಡೆಸುತ್ತಿದ್ದೇನೆ. ಹೀಪಿಗೆ, ಅಂದರೆ ಆ ತಂತ್ರಾಂಶಕ್ಕೇ ಮೀಸಲಿಟ್ಟ ಮೆಮೊರಿಗೆ, 6 ಜಿಬಿ ಕೊಟ್ಟರೂ ನಿಧಾನ. ಅದು ಮುಕ್ತ ತಂತ್ರಾಂಶ ಹೌದೋ ಅಲ್ಲವೋ ಎಂಬ ಗೊಂದಲವೂ ಇದೆ.
— ವಿದ್ಯಾರ್ಥಿ, ಬೆಳಗಾವಿ

ಉತ್ತರ: 6 ಜಿಬಿ ಕೊಟ್ಟಿದ್ದೇ ತೊಂದರೆ. ಒಳಗೆ ಹುಡುಕುವ ಕೆಲಸ ಮಾಡುವ ಲುಸೀನ್ ಎಂಬ ಭಾಗ ಸೂಚಿಯ ಕಡತಗಳನ್ನು ಓದಲು ಕಾರ್ಯಾಚರಣ ವ್ಯವಸ್ಥೆಯ ಕಡತ ಸಂಗ್ರಹವನ್ನು ನೆಚ್ಚಿಕೊಂಡಿದೆ. ಅದಕ್ಕೆ ಜಾಗ ಉಳಿಯದಿದ್ದರೆ ಪ್ರತಿ ಹುಡುಕಾಟಕ್ಕೂ ಡಿಸ್ಕ್ ತಿರುವಬೇಕು. ಹೀಪ್ ಒಟ್ಟು ಮೆಮೊರಿಯ ಅರ್ಧ ಮೀರಬಾರದು. ನಿಮ್ಮ ಗಾತ್ರದ ಕೆಲಸಕ್ಕೆ 2 ಅಥವಾ 3 ಜಿಬಿಯಿಂದ ಆರಂಭಿಸಿ. ಸೂಚಿಯನ್ನು ಒಂದೇ ಶಾರ್ಡಿನಲ್ಲಿ, ಅಂದರೆ ತುಂಡು ಮಾಡದೆ, ಇಡಿ. ಹಳೆಯ ಪಾಠಗಳಲ್ಲಿ ಐದು ಎಂದು ಇರುತ್ತದೆ, ಆದರೆ 2019ರ 7.0 ಆವೃತ್ತಿಯಿಂದ ರೂಢಿಯ ಸಂಖ್ಯೆ ಒಂದೇ. ದತ್ತಾಂಶವನ್ನು ಒಟ್ಟಿಗೆ ತುಂಬುವಾಗ ಹೊಸ ದತ್ತಾಂಶ ಹುಡುಕಾಟಕ್ಕೆ ತೆರೆದುಕೊಳ್ಳುವ ರಿಫ್ರೆಶ್ ಅಂತರವನ್ನು 1 ಸೆಕೆಂಡಿನಿಂದ 30ಕ್ಕೆ ಏರಿಸಿ, ಮುಗಿದ ಮೇಲೆ ಇಳಿಸಿ. ಪರವಾನಗಿಯ ಕಥೆ ಹೀಗೆ: 2021ರಲ್ಲಿ ಅವರು ಅಪಾಚೆ ಎಂಬ ಮುಕ್ತ ಪರವಾನಗಿ ಬಿಟ್ಟರು, ಅದೇ ವರ್ಷ ಕವಲೊಡೆದು ಓಪನ್‌ಸರ್ಚ್ ಹುಟ್ಟಿತು, 2024ರಲ್ಲಿ ಎಲಾಸ್ಟಿಕ್‌ಸರ್ಚಿಗೆ ಎಜಿಪಿಎಲ್ ಎಂಬ ಮುಕ್ತ ಪರವಾನಗಿಯ ಆಯ್ಕೆಯೂ ಸೇರಿತು. ಪ್ರಾಜೆಕ್ಟಿಗೆ ಎರಡರಲ್ಲಿ ಯಾವುದಾದರೂ ಆದೀತು.

ಪ್ರಶ್ನೆ: ನಮ್ಮ ಜಿಲ್ಲೆಯ ಸ್ಮಾರಕಗಳ ಬಗೆಗಿನ ಲೇಖನಗಳನ್ನು ಮ್ಯಾಂಟಿಕೋರ್‌ಗೆ ಸೇರಿಸಿದ್ದೇನೆ. ‘ಗೋಳಗುಮ್ಮಟ’ ಎಂದರೆ ಕೆಲವು ಲೇಖನಗಳು ಮಾತ್ರ ಬರುತ್ತವೆ. ಅದೇ ಪದ, ಅದೇ ಕಾಗುಣಿತ ಇರುವ ಲೇಖನವೂ ತಪ್ಪಿಸಿಕೊಳ್ಳುತ್ತದೆ.
— ಶಿಕ್ಷಕ, ವಿಜಯಪುರ

ಉತ್ತರ: ಎರಡು ಬೇರೆ ಬೇರೆ ತೊಂದರೆಗಳಿವೆ. ಕಣ್ಣಿಗೆ ಒಂದೇ ಆಗಿ ಕಾಣುವ ‘ಗೋ’ ಕಡತದೊಳಗೆ ಎರಡು ರೀತಿ ಇರಬಹುದು: ‘ಗ’ದ ನಂತರ ಓಕಾರದ ಒಂದೇ ಸಂಕೇತ, ಅಥವಾ ಎಕಾರ, ಊಕಾರ, ದೀರ್ಘ ಚಿಹ್ನೆ ಎಂದು ಮೂರು ಸಂಕೇತಗಳು. ಯಂತ್ರ ಹೋಲಿಸುವುದು ಸಂಕೇತಗಳನ್ನೇ ಹೊರತು ಆಕಾರವನ್ನಲ್ಲ. ಲೇಖನಗಳನ್ನು ತುಂಬುವ ಮುನ್ನ ಎಲ್ಲವನ್ನೂ ಎನ್‌ಎಫ್‌ಸಿ ರೂಪಕ್ಕೆ, ಅಂದರೆ ಒಡೆದ ಸಂಕೇತಗಳು ಒಂದಾಗಿ ಕೂಡಿದ ರೂಪಕ್ಕೆ, ತನ್ನಿ. ಪೈಥಾನಿನಲ್ಲಿ ಅದು ಒಂದು ಸಾಲಿನ ಕೆಲಸ. ಹುಡುಕುವ ಪದಕ್ಕೂ ಅದೇ ಸಂಸ್ಕಾರ ಆಗಬೇಕು. ‘ಗುಂಬಜ್‌ನ’ ಎಂಬಲ್ಲಿ ಜಕಾರಕ್ಕೂ ನಕಾರಕ್ಕೂ ನಡುವೆ ಕಾಣದ ಒಂದು ಬೇರ್ಪಡಿಸುವ ಸಂಕೇತವಿದೆ. ಅದನ್ನು ‘ಇಗ್ನೋರ್ ಚಾರ್ಸ್’ ಪಟ್ಟಿಗೆ ಸೇರಿಸಿ.

ಎರಡನೆಯದು ಹೆಸರುಗಳದ್ದು. ಗೋಲ್ ಗುಂಬಜ್, ಗೋಳಗುಂಬಜ್, ಗೋಳಗುಮ್ಮಟ ಮೂರನ್ನೂ ಜನ ಬರೆಯುತ್ತಾರೆ. ನಿಮ್ಮ ಊರಿನ ಹೆಸರೇ 2014ರ ನವೆಂಬರ್ 1ರಿಂದ ಅಧಿಕೃತವಾಗಿ ವಿಜಯಪುರ. ಹಿಂದಿನ ಲೇಖನಗಳಲ್ಲಿ ಬಿಜಾಪುರ, ವಿಜಾಪುರ ಇರುತ್ತವೆ. 1997ರಲ್ಲಿ ಬಾಗಲಕೋಟೆ ಜಿಲ್ಲೆ ಬೇರೆಯಾಗುವ ಮೊದಲು ಬರೆದವರು ಬಾದಾಮಿ, ಐಹೊಳೆಗಳನ್ನೂ ಬಿಜಾಪುರ ಜಿಲ್ಲೆಗೇ ಸೇರಿಸಿದ್ದಾರೆ. ಇದಕ್ಕೆ ಹಲವರು ಒಂದು ಪದದ ಬದಲು ಇನ್ನೊಂದನ್ನು ಇಡುವ ‘ವರ್ಡ್‌ಫಾರ್ಮ್ಸ್’ ಕಡತ ಬಳಸುತ್ತಾರೆ. ಕನ್ನಡಕ್ಕೆ ಅದು ಸಾಲದು: ‘ವಿಜಾಪುರ’ ಬದಲಾಗುತ್ತದೆ, ‘ವಿಜಾಪುರದಲ್ಲಿ’ ಹಾಗೆಯೇ ಉಳಿಯುತ್ತದೆ. ‘ರೆಜೆಕ್ಸ್‌ಪ್ ಫಿಲ್ಟರ್’ ಬಳಸಿ. ಅದು ಪದ ಒಡೆಯುವ ಮೊದಲೇ ಪಠ್ಯದಲ್ಲೂ ಪ್ರಶ್ನೆಯಲ್ಲೂ ಬದಲಾವಣೆ ಮಾಡುವುದರಿಂದ ವಿಭಕ್ತಿ ಹತ್ತಿದ ರೂಪಗಳೂ ಸರಿಹೋಗುತ್ತವೆ.

ಯಾವ ಯಾವ ಹೆಸರು ಸೇರಿಸಬೇಕು ಎಂದು ಊಹಿಸುತ್ತಾ ಕೂರಬೇಡಿ. ಫಲಿತಾಂಶ ಸೊನ್ನೆಯಾದ ಪ್ರತಿ ಹುಡುಕಾಟವನ್ನೂ ಒಂದು ಕಡತದಲ್ಲಿ ಬರೆದಿಡುವಂತೆ ಮಾಡಿ. ನಾನು ಪ್ರತಿ ಶನಿವಾರ ಸಂಜೆ ನನ್ನ ಪಟ್ಟಿಯನ್ನು ಓದುತ್ತೇನೆ, ಆ ಅಜ್ಜಿ ಬಂದು ಹೋದ ವಾರದಿಂದ ಒಂದು ಶನಿವಾರವೂ ತಪ್ಪಿಸಿಲ್ಲ. ನಿಮ್ಮ ಪಟ್ಟಿಯಲ್ಲಿ ಐವತ್ತು ಪದ ಕೂಡಿದಾಗ ನನಗೆ ಕಳುಹಿಸಿ, ಒಂದೊಂದಾಗಿ ಒಟ್ಟಿಗೆ ನೋಡೋಣ.