ಅರೆಬರೆ ನಡೆಯುವ ಫೋನಿನ ಕೋಡನ್ನೂ ಕಳುಹಿಸಬಹುದು

ಶಿರಾದ ಗೆಳೆಯರೇ, ಪರದೆ ಮತ್ತು ವೈಫೈ ನಡೆಯುತ್ತಿದ್ದರೂ ಕರೆ, ಕ್ಯಾಮೆರಾ ಇನ್ನೂ ಕೆಲಸ ಮಾಡದ ಹಳೆಯ ಫೋನಿಗಾಗಿ ಬರೆದ ಕೋಡನ್ನು, ಹಳೆಯ ಫೋನುಗಳಲ್ಲಿ ಲಿನಕ್ಸ್ ನಡೆಸುವ ಪೋಸ್ಟ್‌ಮಾರ್ಕೆಟ್‌ಓಎಸ್ ಯೋಜನೆಗೆ ಕಳುಹಿಸಬಹುದೇ ಎಂದು ಕೇಳಿದ್ದೀರಿ. ಖಂಡಿತ ಕಳುಹಿಸಿ. ಆಂಡ್ರಾಯ್ಡ್ ಆಧಾರಿತ ವ್ಯವಸ್ಥೆಯಾದ ಲಿನಿಯೇಜ್‌ಓಎಸ್‌ನ ಅಧಿಕೃತ ಪಟ್ಟಿಗೆ ಸೇರಲು ಕರೆ, ಕ್ಯಾಮೆರಾಗಳೆಲ್ಲ ಸರಿಯಾಗಿರಬೇಕು. ಆದರೆ 2017ರಲ್ಲಿ ಬೆಳಕಿಗೆ ಬಂದ, ಆಲ್ಪೈನ್ ಲಿನಕ್ಸ್ ಎಂಬ ಹಗುರ ಲಿನಕ್ಸ್ ಆವೃತ್ತಿಯನ್ನು ಆಧರಿಸಿದ ಪೋಸ್ಟ್‌ಮಾರ್ಕೆಟ್‌ಓಎಸ್‌ನಲ್ಲಿ ಇಂತಹ ಅಪೂರ್ಣ ಸಾಧನಗಳಿಗೂ 'ಟೆಸ್ಟಿಂಗ್' ವಿಭಾಗದಲ್ಲಿ ಜಾಗವಿದೆ. ತುಮಕೂರಿನ ನಮ್ಮ ಮನೆಯಲ್ಲಿ ನಾನು ಮೊದಲು ಕೈಹಾಕಿದ ಫೋನಿನ ಪರದೆಯೇ ಬೆಳಗುತ್ತಿರಲಿಲ್ಲ. ಯುಎಸ್‌ಬಿ ಕೇಬಲ್ ಮೂಲಕ ಕಂಪ್ಯೂಟರಿನಿಂದ ಫೋನಿನ 172.16.42.1 ಎಂಬ ನೆಟ್‌ವರ್ಕ್ ವಿಳಾಸಕ್ಕೆ ಸಂಪರ್ಕ ಸಿಕ್ಕಿತು, ಉಳಿದ ಕೆಲಸಕ್ಕೆಲ್ಲ ಅದೇ ಬುನಾದಿಯಾಯಿತು. ಏನೇನು ನಡೆಯುವುದಿಲ್ಲ ಎಂಬುದನ್ನು, ಅದರಲ್ಲೂ ಕರೆ ಹೋಗುವುದಿಲ್ಲ ಎಂಬುದನ್ನು, ಸಾಧನದ ವಿಕಿ ಪುಟದಲ್ಲಿ ದಯವಿಟ್ಟು ಸ್ಪಷ್ಟವಾಗಿ ಬರೆಯಿರಿ; ಯಾರಾದರೂ ತಮ್ಮಲ್ಲಿರುವ ಒಂದೇ ಫೋನಿಗೆ ಅದನ್ನು ಹಾಕಿಕೊಂಡಾರು.