ಹಲ್ಲುನೋವನ್ನು ಡಿಸೆಂಬರ್‌ವರೆಗೆ ಇಟ್ಟುಕೊಳ್ಳಬೇಡಿ

ಮೊದಲಿಗೆ, ‘ಸರ್’ ಬೇಡ. ಅಣ್ಣ ಅನ್ನಿ ಸಾಕು. ಈ ದೇಶದಲ್ಲಿ ಮ್ಯಾನೇಜರನ್ನೇ ಯಾರೂ ಸರ್ ಅನ್ನುವುದಿಲ್ಲ, ನಾನ್ಯಾವ ಲೆಕ್ಕ.

ನೀವು ಬರೆದಿದ್ದು ಇಷ್ಟು. ಇಂಗ್ಲೆಂಡಿನ ಸ್ವಿಂಡನ್‌ಗೆ ಬಂದು ಎರಡು ತಿಂಗಳಾಗಿದೆ. ಬಲಗಡೆ ಕೆಳಗಿನ ದವಡೆ ಹಲ್ಲು ರಾತ್ರಿ ನಿದ್ದೆ ಮಾಡಲು ಬಿಡುತ್ತಿಲ್ಲ. ಏಳು ಕ್ಲಿನಿಕ್‌ಗೆ ಫೋನ್ ಮಾಡಿದಿರಿ, ಏಳೂ ಕಡೆ ಎನ್‌ಎಚ್‌ಎಸ್‌ನಲ್ಲಿ, ಅಂದರೆ ಇಲ್ಲಿಯ ಸರ್ಕಾರಿ ಆರೋಗ್ಯ ಸೇವೆಯಲ್ಲಿ, ಹೊಸಬರನ್ನು ತಗೊಳ್ಳಲ್ಲ ಅಂದರು. ಪ್ರೈವೇಟ್‌ನಲ್ಲಿ ರೂಟ್ ಕೆನಾಲ್‌ಗೆ 750 ಪೌಂಡ್ ಅಂದರು. ಡಿಸೆಂಬರ್‌ನಲ್ಲಿ ತಮ್ಮನ ಮದುವೆಗೆ ಹತ್ತು ದಿನ ಊರಿಗೆ ಹೋಗುತ್ತೀರಿ, ಅಲ್ಲಿಯವರೆಗೆ ತಡೆದುಕೊಂಡು ಅಲ್ಲೇ ಮಾಡಿಸಿಬಿಡಲಾ ಅಂತ ಕೇಳಿದ್ದೀರಿ. ವೀಸಾಕ್ಕೆ ಕಟ್ಟಿದ ಹೆಲ್ತ್ ಸರ್ಚಾರ್ಜ್‌ನಲ್ಲಿ ಹಲ್ಲು ಸೇರಲ್ವಾ ಅಂದಿದ್ದೀರಿ. ಆಫೀಸಿನಲ್ಲಿ ಯಾರೋ ಟರ್ಕಿಗೆ ಹೋಗಿ ಬಾ ಅಂದರಂತೆ. ಕೊನೆಗೆ ಸುಮ್ನೆ ಒಂದು ಸಾಲು: ಹೆಂಡತಿಗೆ ಐದು ತಿಂಗಳು, ಅವರಿಗೂ ವಸಡಿನಲ್ಲಿ ರಕ್ತ, ಬಾಣಂತನಕ್ಕೆ ಅತ್ತೆ ಬರುತ್ತಾರೆ.

ಆ ಕೊನೆಯ ಸಾಲು ಇಲ್ಲದಿದ್ದರೆ ನಾಲ್ಕು ಮಾತಲ್ಲಿ ಮುಗಿಸುತ್ತಿದ್ದೆ.

ಕಾಯಬೇಡಿ. ತಣ್ಣೀರು ತಾಗಿದಾಗ ಜುಂ ಅನ್ನುವ ಹಲ್ಲು ಬೇರೆ, ರಾತ್ರಿ ತಾನಾಗೇ ಮಿಡಿಯುವ ಹಲ್ಲು ಬೇರೆ. ಎರಡನೆಯದು ನರದ ತನಕ ಹೋಗಿರುವುದೇ ಜಾಸ್ತಿ. ನಾಳೆ ಬೆಳಿಗ್ಗೆ ಎನ್‌ಎಚ್‌ಎಸ್ ಸಹಾಯವಾಣಿ 111ಕ್ಕೆ ಫೋನ್ ಮಾಡಿ. ನಿಮಗೆ ಕಾಯಂ ಡೆಂಟಿಸ್ಟ್ ಇಲ್ಲದಿದ್ದರೂ ತುರ್ತು ಅಪಾಯಿಂಟ್‌ಮೆಂಟ್‌ಗೆ ದಾರಿ ತೋರಿಸುವವರು ಅವರೇ. ಎಷ್ಟು ನೋವು ಅಂತ ಕೇಳುತ್ತಾರೆ. ನಮ್ಮವರ ಥರ ‘ಪರವಾಗಿಲ್ಲ, ಸ್ವಲ್ಪ’ ಅನ್ನಬೇಡಿ. ಮೂರು ರಾತ್ರಿ ನಿದ್ದೆ ಇಲ್ಲ ಅಂತ ಇದ್ದದ್ದು ಇದ್ದ ಹಾಗೆ ಹೇಳಿ. ತುರ್ತು ಚಿಕಿತ್ಸೆಗೆ ಇಂಗ್ಲೆಂಡಿನಲ್ಲಿ 2025ರ ಏಪ್ರಿಲ್‌ನಲ್ಲಿ ನಿಗದಿಯಾದ ದರ 27.40 ಪೌಂಡ್ ಇತ್ತು. ಜಿಪಿ, ಅಂದರೆ ನೀವು ಹೆಸರು ಬರೆಸಿದ ಸಾಮಾನ್ಯ ಡಾಕ್ಟರ ಹತ್ತಿರ ಹೋಗಿ ಪ್ರಯೋಜನವಿಲ್ಲ, ಅವರು ಹಲ್ಲು ಮುಟ್ಟುವುದಿಲ್ಲ. ಆದರೆ ಮುಖ ಊದಿ ಕಣ್ಣಿನ ಕಡೆಗೋ ಕತ್ತಿನ ಕಡೆಗೋ ಇಳಿದರೆ, ನುಂಗಲು ಅಥವಾ ಉಸಿರಾಡಲು ಕಷ್ಟವಾದರೆ, ನೇರ ಆಸ್ಪತ್ರೆಯ ಎಮರ್ಜೆನ್ಸಿಗೆ.

ಸೂಟ್‌ಕೇಸಿನಲ್ಲಿ ಊರಿಂದ ತಂದ ಆ್ಯಂಟಿಬಯಾಟಿಕ್ ಸ್ಟ್ರಿಪ್ ಇರುತ್ತೆ, ನನಗೆ ಗೊತ್ತು. ನಮ್ಮೆಲ್ಲರ ಸೂಟ್‌ಕೇಸಿನಲ್ಲೂ ಇತ್ತು. ಅದನ್ನು ನೀವೇ ನುಂಗಲು ಹೋಗಬೇಡಿ. ನೋವು ನಾಲ್ಕು ದಿನ ಅಡಗುತ್ತೆ, ಹುಳುಕು ಅಲ್ಲೇ ಇರುತ್ತೆ.

ಸರ್ಚಾರ್ಜ್ ವಿಷಯ. ವರ್ಷಕ್ಕೆ ತಲೆಗೆ 1035 ಪೌಂಡ್, ಮೂರು ವರ್ಷದ ವೀಸಾ, ಇಬ್ಬರಿಗೆ ಆರು ಸಾವಿರ ಚಿಲ್ಲರೆ ಕಟ್ಟಿದ್ದೀರಿ. ಹೊಟ್ಟೆ ಉರಿಯುತ್ತೆ, ಸಹಜ. ಆದರೆ ಅದರಿಂದ ಸಿಗುವುದು ಇಲ್ಲಿಯವರಿಗೆ ಸಿಗುವಷ್ಟೇ, ಮತ್ತು ಹಲ್ಲಿಗೆ ಇಲ್ಲಿಯವರೂ ದುಡ್ಡು ಕೊಡುತ್ತಾರೆ. ಇವತ್ತಿನ ಕಥೆಯಲ್ಲ ಇದು. 1948ರಲ್ಲಿ ಎನ್‌ಎಚ್‌ಎಸ್ ಶುರುವಾದಾಗ ಎಲ್ಲವೂ ಪುಕ್ಕಟೆ. ಮೂರೇ ವರ್ಷಕ್ಕೆ ಕಟ್ಟುಹಲ್ಲಿಗೂ ಕನ್ನಡಕಕ್ಕೂ ದುಡ್ಡು ಕೇಳಲು ಹೊರಟರು. ಎನ್‌ಎಚ್‌ಎಸ್ ಕಟ್ಟಿದ ಮಂತ್ರಿ ಅನೈರಿನ್ ಬೆವನ್ ಅದೇ ಕಾರಣಕ್ಕೆ 1951ರಲ್ಲಿ ರಾಜೀನಾಮೆ ಕೊಟ್ಟರು. ಹಲ್ಲಿಗೋಸ್ಕರ ಮಂತ್ರಿಗಿರಿ ಬಿಟ್ಟವರೂ ಇದ್ದಾರೆ ನೋಡಿ.

ಈಗ ರೇಟು ಮೂರು ಮೆಟ್ಟಿಲಲ್ಲಿದೆ. 2025ರ ಏಪ್ರಿಲ್‌ನ ದರದಲ್ಲಿ ಹೇಳುತ್ತೇನೆ. ಹಲ್ಲು ಪರೀಕ್ಷಿಸಿ, ಎಕ್ಸ್-ರೇ ತೆಗೆದು ಹೇಳುವುದಕ್ಕೆ ಅದೇ 27.40. ಫಿಲ್ಲಿಂಗ್, ರೂಟ್ ಕೆನಾಲ್, ಹಲ್ಲು ಕೀಳುವುದಕ್ಕೆ 75.30. ಕ್ಯಾಪ್, ಕಟ್ಟುಹಲ್ಲಿಗೆ 326.70. ಒಂದು ವಿಷಯ ಹೊಸಬರಿಗೆ ಯಾರೂ ಹೇಳುವುದಿಲ್ಲ: ಈ ದುಡ್ಡು ಹಲ್ಲಿನ ಲೆಕ್ಕವಲ್ಲ, ಒಂದು ಸುತ್ತಿನ ಚಿಕಿತ್ಸೆಯ ಲೆಕ್ಕ. ಒಂದು ರೂಟ್ ಕೆನಾಲ್ ಆದರೂ 75.30, ಅದರ ಜೊತೆ ಮೂರು ಫಿಲ್ಲಿಂಗ್ ಆದರೂ 75.30. ನಿಮಗೆ 750 ಅಂದರಲ್ಲ, ಅದರಲ್ಲಿ ಒಂದು ಸೊನ್ನೆ ಕಿತ್ತುಹಾಕಿದ ಹಾಗೆ.

ಸಿಗುವುದೇ ಕಷ್ಟ. 2024ರ ಫೆಬ್ರವರಿಯಲ್ಲಿ ನಿಮ್ಮ ಪಕ್ಕದ ಬ್ರಿಸ್ಟಲ್‌ನ ಸೇಂಟ್ ಪಾಲ್ಸ್‌ನಲ್ಲಿ ಒಂದು ಕ್ಲಿನಿಕ್ ಎನ್‌ಎಚ್‌ಎಸ್ ಪೇಷೆಂಟ್ ತಗೋತೀವಿ ಅಂತ ಬಾಗಿಲು ತೆರೆದಾಗ ಬೀದಿಯುದ್ದ ಕ್ಯೂ ನಿಂತಿತ್ತು, ಪೊಲೀಸರು ಬಂದರು. ಟೀವಿಯಲ್ಲಿ ನೋಡಿ ನನಗೆ ನಮ್ಮೂರ ನ್ಯಾಯಬೆಲೆ ಅಂಗಡಿ ನೆನಪಾಯಿತು. ಏಳು ಕಡೆ ಫೋನ್ ಮಾಡಿದ್ದು ಸಾಲದು. ಮೂವತ್ತು ಮೈಲಿ ಸುತ್ತಳತೆಯಲ್ಲಿ ಹುಡುಕಿ. ವೆಬ್‌ಸೈಟಿನಲ್ಲಿ ‘ತಗೊಳ್ಳಲ್ಲ’ ಅಂತಿದ್ದರೂ ಫೋನ್ ಮಾಡಿ, ‘ತಗೋತೀವಿ’ ಅಂತಿದ್ದರೂ ನಂಬದೆ ಫೋನ್ ಮಾಡಿ. ವೇಟಿಂಗ್ ಲಿಸ್ಟ್‌ಗೆ ಹೆಸರು ಬರೆಸಿ. ಬ್ರಿಸ್ಟಲ್‌ನ ಡೆಂಟಲ್ ಸ್ಕೂಲ್‌ನಲ್ಲಿ ವಿದ್ಯಾರ್ಥಿಗಳು ಪುಕ್ಕಟೆ ನೋಡುತ್ತಾರೆ. ನಮ್ಮ ಡೆಂಟಲ್ ಕಾಲೇಜುಗಳ ಹಾಗೇ, ನಿಧಾನ, ಎಲ್ಲ ಕೇಸೂ ತಗೊಳ್ಳಲ್ಲ, ಮೇಷ್ಟ್ರು ಹಿಂದೆ ನಿಂತಿರುತ್ತಾರೆ. ಒಮ್ಮೆ ಸೀಟು ಸಿಕ್ಕಿದರೆ ಅಪಾಯಿಂಟ್‌ಮೆಂಟ್ ತಪ್ಪಿಸಬೇಡಿ.

ನಿಮ್ಮ ಮನೆಯವರಿಗೆ ಪೂರ್ತಿ ಪುಕ್ಕಟೆ. ಗರ್ಭಿಣಿಯರಿಗೆ, ಹೆರಿಗೆಯಾದ ಮೇಲೂ 12 ತಿಂಗಳವರೆಗೆ, ಎನ್‌ಎಚ್‌ಎಸ್‌ನಲ್ಲಿ ಹಲ್ಲಿನ ಚಿಕಿತ್ಸೆಗೆ ದುಡ್ಡಿಲ್ಲ. ಮಿಡ್‌ವೈಫ್ ಹತ್ತಿರ ಮೆಟರ್ನಿಟಿ ಎಕ್ಸೆಂಪ್ಷನ್ ಸರ್ಟಿಫಿಕೇಟ್ ಕೇಳಿ ತಗೊಳ್ಳಿ. ಬಸುರಿನಲ್ಲಿ ವಸಡಿನ ರಕ್ತ ಸಾಮಾನ್ಯ, ಆದರೂ ತೋರಿಸಿ. ಆ ಸರ್ಟಿಫಿಕೇಟನ್ನು ನಿಮ್ಮ ಹಲ್ಲಿಗೆ ಹಾಕಲು ನೋಡಬೇಡಿ, ದಂಡ ಹಾಕುತ್ತಾರೆ.

ಟರ್ಕಿ ಬೇಡ. ಅಲ್ಲಿ ಒಳ್ಳೆಯ ಡಾಕ್ಟರುಗಳು ಇದ್ದಾರೆ, ಇಲ್ಲ ಅನ್ನಲ್ಲ. ಆದರೆ ಒಂದು ಹಲ್ಲಿನ ನೋವಿಗೆ ವಿಮಾನ ಹತ್ತುವುದು ಯಾಕೆ? ಇಲ್ಲಿಯ ಹುಡುಗರು ಹೋಗಿ ಗಟ್ಟಿಮುಟ್ಟಾದ ಹಲ್ಲನ್ನೆಲ್ಲ ಉಜ್ಜಿಸಿ ಬಿಳಿ ಕ್ಯಾಪ್ ಹಾಕಿಸಿಕೊಂಡು ಬರುತ್ತಾರೆ. ಉಜ್ಜಿದ ಹಲ್ಲು ಮತ್ತೆ ಬೆಳೆಯಲ್ಲ.

ಊರಲ್ಲಿ ಮಾಡಿಸುವುದು ಬೇರೆ ಮಾತು. ಅಲ್ಲಿಯ ರೇಟು ನಿಮಗೇ ಗೊತ್ತು, ಕೈಚಳಕವೂ ಗೊತ್ತು. ನಾನೂ ಎರಡು ಕ್ಯಾಪ್ ಅಲ್ಲೇ ಹಾಕಿಸಿದ್ದೇನೆ. ಆದರೆ ಹತ್ತು ದಿನದಲ್ಲಿ ಚಪ್ಪರ, ಧಾರೆ, ಬೀಗರ ಊಟದ ನಡುವೆ ಎಲ್ಲಿ ನುಗ್ಗಿಸುತ್ತೀರಿ? ನನ್ನ ಮಾತು ಕೇಳಿದರೆ, ನೋವಿನ ಕೆಲಸ ಇಲ್ಲೇ ಮುಗಿಸಿ. ಕ್ಯಾಪ್ ಊರಲ್ಲಿ ಹಾಕಿಸುವುದಾದರೆ ಇಲ್ಲಿಯ ಡಾಕ್ಟರನ್ನೇ ಕೇಳಿ, ಅಲ್ಲಿಯವರೆಗೆ ಗಟ್ಟಿ ಫಿಲ್ಲಿಂಗ್ ಹಾಕಿಸಿಕೊಂಡು ಆ ಕಡೆ ಚಕ್ಕುಲಿ ಅಗಿಯದೆ ಇರಿ. ಇಂಪ್ಲಾಂಟ್ ಅಂತ ಯಾರಾದರೂ ಅಂದರೆ ಒಂದು ರಜೆಯಲ್ಲಿ ಆಗುವ ಕೆಲಸವಲ್ಲ, ಸ್ಕ್ರೂ ಮೂಳೆಗೆ ಕೂಡಿಕೊಳ್ಳಲು ಮೂರರಿಂದ ಆರು ತಿಂಗಳು ಬೇಕು. ಏನೇ ಮಾಡಿಸಿದರೂ ಎಕ್ಸ್-ರೇ, ಕಾಗದ ಎಲ್ಲ ತನ್ನಿ. ಬೇರೆಯವರು ಮಾಡಿದ ಹಲ್ಲನ್ನು ಮುಟ್ಟಲು ಇಲ್ಲಿ ತುಂಬ ಹಿಂಜರಿಯುತ್ತಾರೆ.

ಈಗ ನಿಮ್ಮ ಅತ್ತೆಯ ವಿಷಯ.

ನಾನು ರೆಡಿಂಗ್‌ಗೆ ಬಂದಿದ್ದು 2007ರ ಜನವರಿಯಲ್ಲಿ. ಪೌಂಡಿಗೆ ಎಂಬತ್ತಾರು ರೂಪಾಯಿ. ಮೊದಲ ವಾರ ಬಸ್ಸಿನ ಒಂದೂವರೆ ಪೌಂಡ್ ಉಳಿಸಲು ಆ ಚಳಿಯಲ್ಲಿ ಮೂರು ಸ್ಟಾಪ್ ನಡೆಯುತ್ತಿದ್ದೆ. ಬ್ರೆಡ್ಡು, ಹಾಲು, ಕ್ಷೌರ, ಎಲ್ಲಕ್ಕೂ ಗುಣಾಕಾರ. ನೀವೂ ಮಾಡುತ್ತಿರುತ್ತೀರಿ, ಅಲ್ವಾ? ಆರು ವರ್ಷವಾದರೂ ನನಗೆ ಆ ಚಟ ಹೋಗಿರಲಿಲ್ಲ.

2013ರ ಜುಲೈನಲ್ಲಿ ಅಮ್ಮ ಬಂದಳು. ತಿಪಟೂರಿನ ಹತ್ತಿರದ ನಮ್ಮ ಹಳ್ಳಿಯಿಂದ ಅವಳ ಮೊದಲ ವಿಮಾನ. ಅಪ್ಪ ತೋಟ ಬಿಟ್ಟು ಬರಲ್ಲ ಅಂದಿದ್ದರು. ಆ ವರ್ಷದ ಶುರುವಿನಲ್ಲಿ ನಾನು ಪ್ರೈವೇಟ್‌ನಲ್ಲಿ ಒಂದು ರೂಟ್ ಕೆನಾಲ್, ಕ್ಯಾಪ್ ಮಾಡಿಸಿ ಒಂಬೈನೂರು ಪೌಂಡ್ ತೆತ್ತಿದ್ದೆ. ಎನ್‌ಎಚ್‌ಎಸ್‌ನಲ್ಲಿ ಕೇಳಬೇಕು ಅನ್ನುವುದೂ ಗೊತ್ತಿರಲಿಲ್ಲ. ಆಗಸ್ಟ್‌ನಲ್ಲಿ ರೂಪಾಯಿ ಕುಸಿದು ಪೌಂಡ್ ನೂರು ದಾಟಿತು. ಗುಣಾಕಾರ ಇನ್ನೂ ಸುಲಭವಾಯಿತು, ಎರಡು ಸೊನ್ನೆ ಸೇರಿಸಿದರೆ ಆಯಿತು. ಒಂದು ರಾತ್ರಿ ಊಟಕ್ಕೆ ಕೂತಾಗ ಬಾಯಿ ತೆರೆದು ಆ ಹಲ್ಲು ತೋರಿಸಿದೆ. “ಅಮ್ಮಾ, ಇದೊಂದಕ್ಕೆ ತೊಂಬತ್ತು ಸಾವಿರ.” ಅದರಲ್ಲಿ ಗೊಣಗಾಟ ಎಷ್ಟಿತ್ತೋ ಜಂಬವೂ ಅಷ್ಟೇ ಇತ್ತು. ಅಮ್ಮ ಅನ್ನದ ತಟ್ಟೆಯಿಂದ ಕೈ ತೆಗೆದು, “ಅಯ್ಯೋ ಶಿವನೇ, ಎರಡು ಹಸು ಬರ್ತವಲ್ಲೋ” ಅಂದಳು.

ಅದಾದ ಮೇಲೆ ಅಮ್ಮ ದಿನಾ ಮುದ್ದೆ ಕೇಳಲು ಶುರುಮಾಡಿದಳು. ತಾನೇ ಮಾಡುತ್ತಿದ್ದಳು, ಕೋಲಿಲ್ಲದೆ ಲಟ್ಟಣಿಗೆಯಲ್ಲಿ ತಿರುವಿ. ಚಪಾತಿ ಬೇಡ, ದೋಸೆ ಬೇಡ. ನಾನು ಲಂಡನ್ನಿನ ವೆಂಬ್ಲಿಗೆ ಹೋಗಿ ಹತ್ತು ಕೆಜಿ ರಾಗಿ ಹಿಟ್ಟು ತಂದೆ. ‘ನಮ್ಮಮ್ಮ ಇಂಗ್ಲೆಂಡಿಗೆ ಬಂದರೂ ಮುದ್ದೆ ಬಿಡಲಿಲ್ಲ’ ಅಂತ ಫ್ರೆಂಡ್ಸ್ ಹತ್ತಿರ ಕೊಚ್ಚಿಕೊಂಡೆ. ಮುದ್ದೆಯನ್ನು ಅಗಿಯುವುದಿಲ್ಲ, ನುಂಗುತ್ತಾರೆ. ಹುಟ್ಟಿದಾಗಿನಿಂದ ತಿಂದವನಿಗೆ ಅದು ಹೊಳೆಯಲಿಲ್ಲ. ತಾನೇ ಡಬ್ಬದ ತುಂಬ ತಂದಿದ್ದ ಕೋಡುಬಳೆಯನ್ನು ಒಂದು ಸಂಜೆ ಕಾಫಿಯಲ್ಲಿ ಅದ್ದಿ, ನೆನೆಯುವ ತನಕ ಕಾದು, ಬಾಯಿಗೆ ಇಟ್ಟುಕೊಂಡಳು. “ಏನಮ್ಮ ಮಗು ಥರ” ಅಂತ ನಕ್ಕೆ.

ಮಗಳಿಗೆ ಆಗ ನಾಲ್ಕು ವರ್ಷ. ಒಂದು ಬೆಳಿಗ್ಗೆ ಓಡಿ ಬಂದು, “ಪಪ್ಪಾ, ಅಜ್ಜಿ ದಿಂಬಿನ ಕೆಳಗೆ ಮೊಳೆ ಇದೆ” ಅಂದಳು. ಹೋಗಿ ನೋಡಿದರೆ ಟಿಶ್ಯೂ ಪೇಪರಿನಲ್ಲಿ ಸುತ್ತಿಟ್ಟ ಲವಂಗ. ಕಚ್ಚಿ ಕಚ್ಚಿ ನಾರಾಗಿದ್ದವು. ಕೇಳಿದೆ. “ಬಾಯಿ ವಾಸನೆ ಬರಬಾರದು ಅಂತ ಕಣೋ” ಅಂದಳು. ನಂಬಿದೆ. ನಂಬುವುದು ಅನುಕೂಲವಾಗಿತ್ತು.

ಸೆಪ್ಟೆಂಬರ್ ಕೊನೆಗೆ ಹೀಥ್ರೂಗೆ ಬಿಟ್ಟು ಬಂದೆ. ಮೇಲೆ ಹೋದಂತೆ ವಿಮಾನದೊಳಗೆ ಗಾಳಿಯ ಒತ್ತಡ ಇಳಿಯುತ್ತೆ, ಕೊಳೆತ ಹಲ್ಲಿನ ನೋವು ಏರುತ್ತೆ. ಹತ್ತು ಗಂಟೆ ಹೇಗೆ ಕೂತಳೋ. ಬೆಂಗಳೂರಿನಲ್ಲಿ ಇಳಿದಾಗ ಕೆನ್ನೆ ಊದಿ ಎಡಗಣ್ಣು ಮುಚ್ಚಿಹೋಗಿತ್ತಂತೆ. ಕರೆದುಕೊಂಡು ಹೋಗಲು ಬಂದಿದ್ದ ಅಕ್ಕ ಅಲ್ಲಿಂದಲೇ ಫೋನ್ ಮಾಡಿದಳು. ಬೈಯಲಿಲ್ಲ. “ಮೂರು ತಿಂಗಳಲ್ಲಿ ನಿಮ್ಮನೇಲಿ ಯಾರೂ ಅಮ್ಮನ ಮುಖ ನೋಡ್ಲಿಲ್ವಾ?” ಅಂತ ಕೇಳಿ ಇಟ್ಟಳು.

ತುಮಕೂರಿನಲ್ಲಿ ಮೂರು ದಿನ ಡ್ರಿಪ್ ಹಾಕಿ, ಎರಡು ಹಲ್ಲು ಕಿತ್ತರು. ಆಮೇಲೆ ಅಮ್ಮ ಫೋನಿನಲ್ಲಿ ಖುಷಿಯಾಗಿಯೇ ಹೇಳಿದಳು, “ಎರಡೂ ಹಲ್ಲಿಗೆ ಸಾವಿರ ರೂಪಾಯಿ ಕಣೋ. ನಿಂಗೆ ಲಕ್ಷ ಉಳೀತು.”

ಇಲ್ಲೇ ಪ್ರೈವೇಟ್‌ನಲ್ಲಿ ಕೀಳಿಸಿದ್ದರೂ ಹಲ್ಲಿಗೆ ನೂರು, ನೂರೈವತ್ತು ಪೌಂಡ್ ಆಗುತ್ತಿತ್ತು. ಲಂಡನ್ ಐ, ವಿಂಡ್ಸರ್ ಕ್ಯಾಸಲ್ ಅಂತ ಅವಳನ್ನು ಸುತ್ತಿಸಲು ಅದಕ್ಕಿಂತ ಜಾಸ್ತಿ ಸುರಿದಿದ್ದೆ. ಆ ಫೋಟೋಗಳಲ್ಲಿ ಎಲ್ಲದರಲ್ಲೂ ಅಮ್ಮ ಬಾಯಿ ಮುಚ್ಚಿಯೇ ನಕ್ಕಿದ್ದಾಳೆ. ಅವಳಿಗೆ ಮಾಡಿಸಿದ್ದ ಟ್ರಾವೆಲ್ ಇನ್ಶೂರೆನ್ಸ್ ಕಾಗದವನ್ನು ಆಮೇಲೆ ತೆಗೆದು ಓದಿದೆ. ತುರ್ತು ಹಲ್ಲುನೋವಿಗೆ ಇಷ್ಟು ಅಂತ ಅದರಲ್ಲಿ ಒಂದು ಸಾಲೂ ಇತ್ತು.

ಅದಕ್ಕೇ ಹೇಳುತ್ತಿದ್ದೇನೆ. ಅತ್ತೆಗೆ ಟಿಕೆಟ್ ಮಾಡುವ ಮುಂಚೆ ಊರಲ್ಲೇ ಹಲ್ಲು ತೋರಿಸಲು ಹೇಳಿ. ಹೊರಡುವ ವಾರವಲ್ಲ, ತಿಂಗಳು ಮುಂಚೆ. ಕೀಳುವುದಿದ್ದರೆ ಕಿತ್ತು ಮಾಯಲಿ. ಇನ್ಶೂರೆನ್ಸ್ ತೆಗೆಯುವಾಗ ಹಲ್ಲಿನ ಸಾಲು ಇದೆಯಾ ಅಂತ ನೋಡಿ. ಅವರು ಬಂದ ಮೇಲೆ ಯಾವ ಕಡೆ ಅಗಿಯುತ್ತಾರೆ ಅನ್ನುವುದರ ಮೇಲೆ ಒಂದು ಕಣ್ಣಿರಲಿ, ಕೇಳಿದರೆ ಹೇಳುವವರಲ್ಲ. ಊಟದ ಹೊತ್ತಿನಲ್ಲಿ ಮಾತ್ರ ಯಾವುದಕ್ಕೂ ಎರಡು ಸೊನ್ನೆ ಸೇರಿಸಿ ಹೇಳಬೇಡಿ.

ಅಮ್ಮ ಆಮೇಲೆ ಇಲ್ಲಿಗೆ ಬರಲಿಲ್ಲ. ಕರೆದಾಗಲೆಲ್ಲ ‘ನಿಂಗೆ ಸುಮ್ನೆ ಖರ್ಚು’ ಅನ್ನುತ್ತಾಳೆ. ಈಗ ಕಟ್ಟುಹಲ್ಲು. ಯಾರಾದರೂ ಈ ಕಡೆ ಬರುವವರಿದ್ದರೆ ಕೋಡುಬಳೆ ಕಳಿಸುತ್ತಾಳೆ.

ನಾಳೆ 111ರವರು ಏನಂದರು ಅಂತ ಬರೆಯಿರಿ. ಅಪಾಯಿಂಟ್‌ಮೆಂಟ್ ರೆಡಿಂಗ್ ಕಡೆ ಸಿಕ್ಕಿದರೆ ಸ್ಟೇಷನ್ನಿಗೆ ನಾನೇ ಬರುತ್ತೇನೆ. ಅರಿವಳಿಕೆ ಇಳಿಯುವ ತನಕ ಬಿಸಿಯದು ಕುಡಿಯಬೇಡಿ, ಬಾಯಿ ಸುಟ್ಟುಕೊಳ್ಳುತ್ತೀರಿ; ಏನೂ ಅಗಿಯಬೇಡಿ, ಕೆನ್ನೆ ಕಚ್ಚಿಕೊಳ್ಳುತ್ತೀರಿ. ಆಮೇಲೆ ನಮ್ಮನೆಯಲ್ಲಿ ಊಟ ಮಾಡಿಕೊಂಡು ಹೋಗಿ.