ವೋಟಿಗೆ ಅಂತ ಪಾವಗಡಕ್ಕೆ ಯಾಕೆ ಬರ್ತಾರೆ ಅಂದ್ರೆ

ಬೆಂಗಳೂರಲ್ಲಿ ದುಡಿಯುವ ನಿಮ್ಮೂರಿನವರು ಒಂದು ವೋಟಿಗೋಸ್ಕರ ಬಸ್ಸಲ್ಲಿ ನಿಂತುಕೊಂಡು ಅಷ್ಟು ದೂರ ಬರಬೇಕಾ ಅಂತ ಕೇಳಿದ್ದೀರಿ. ನಾನು ಊರಲ್ಲೇ ಇರುವವನು. ಕಂಡದ್ದನ್ನು ಹೇಳುತ್ತೇನೆ.

ಮೊದಲು ನಮ್ಮ ಜಾಗ ನೋಡಿ. ಜಿಲ್ಲೆ ತುಮಕೂರು, ಆದರೆ ಸುತ್ತ ಹೆಚ್ಚುಕಮ್ಮಿ ಆಂಧ್ರವೇ. ಎಷ್ಟೋ ಮನೆಗಳಲ್ಲಿ ತೆಲುಗು, ಸ್ಕೂಲಲ್ಲಿ ಕನ್ನಡ, ಸಂತೆಯಲ್ಲಿ ಎರಡೂ. ಎಂಪಿ ಎಲೆಕ್ಷನ್ ಬಂದರೆ ನಾವು ತುಮಕೂರಿಗೆ ಸೇರುವುದಿಲ್ಲ, ಚಿತ್ರದುರ್ಗ ಕ್ಷೇತ್ರಕ್ಕೆ ಸೇರುತ್ತೇವೆ. 2024ರಲ್ಲಿ ನಾವು ಏಪ್ರಿಲ್ 26ಕ್ಕೆ ವೋಟು ಹಾಕಿದೆವು. ಗಡಿಯಾಚೆ ಇರುವ ನೆಂಟರು ಹಾಕಿದ್ದು ಮೇ 13ಕ್ಕೆ.

ಇಂಥ ಅಂಚಿನ ಊರಿಗೆ ದೊಡ್ಡವರು ಬರುವುದೇ ಕಡಿಮೆ, ಅಲ್ವಾ? ಎಣಿಕೆ ಮುಗಿದ ಮೇಲೆ ಯಾವ ಬೂತಲ್ಲಿ ಯಾರಿಗೆ ಎಷ್ಟು ಬಿತ್ತು ಅನ್ನುವ ಲೆಕ್ಕ ಹೊರಗೆ ಬರುತ್ತದೆ. ಪುಢಾರಿಗಳು ಆ ಲೆಕ್ಕ ನೋಡದೆ ಇರುವುದಿಲ್ಲ. ಅರ್ಧ ಊರು ವೋಟೇ ಹಾಕಿಲ್ಲ ಅಂದರೆ ಆಮೇಲೆ ನಮ್ಮ ಮಾತಿಗೆ ಎಲ್ಲಿಯ ಬೆಲೆ? ನಮ್ಮ ಕಡೆ ಬೋರ್‌ವೆಲ್ ನೀರಲ್ಲಿ ಫ್ಲೋರೈಡ್ ಜಾಸ್ತಿ. ಮಕ್ಕಳ ಹಲ್ಲು ಕಂದು ಬಣ್ಣಕ್ಕೆ ತಿರುಗುತ್ತದೆ, ದೊಡ್ಡವರಿಗೆ ಕೀಲು ಹಿಡಿದುಕೊಳ್ಳುತ್ತದೆ. ಶುದ್ಧ ನೀರಿನ ಘಟಕ ಕೆಟ್ಟರೆ ಖಾಲಿ ಕ್ಯಾನು ಹಿಡಿದು ಪಕ್ಕದೂರಿಗೆ ಹೋಗಬೇಕು. ತಿರುಮಣಿ ಕಡೆ 2,050 ಮೆಗಾವಾಟಿನ ಸೋಲಾರ್ ಪಾರ್ಕ್ ಇದೆ, ರೈತರ ಜಮೀನು ಗುತ್ತಿಗೆಗೆ ಕೊಟ್ಟಿದ್ದು. ಗುತ್ತಿಗೆ ದುಡ್ಡು, ಹುಡುಗರಿಗೆ ಕೆಲಸ, ಕುಡಿಯೋ ನೀರು, ಇದನ್ನೆಲ್ಲ ಕೇಳಬೇಕಾದವರು ನಾವೇ.

ಒಂದು ವೋಟಿಂದ ಏನಾಗುತ್ತೆ ಅನ್ನುವವರಿಗೆ ನಾನು ಮಾಲೂರು ತೋರಿಸುತ್ತೇನೆ. ನಮ್ಮ ಹಾಗೇ ಗಡಿ ತಾಲ್ಲೂಕು, ಆ ಕಡೆ ತಮಿಳುನಾಡು. 2023ರ ಎಂಎಲ್ಎ ಎಲೆಕ್ಷನ್‌ನಲ್ಲಿ ಅಲ್ಲಿ ಎಣಿಕೆ ಮುಗಿದಾಗ ಗೆದ್ದ ಅಂತರ 248 ವೋಟು. ಎರಡು ಬೀದಿ ಜನ ಮನೆಯಲ್ಲೇ ಕೂತರೆ ಸಾಕಿತ್ತು.

ನಮ್ಮ ಅವ್ವನದು ಇನ್ನೊಂದು ಥರ. 2024ರಲ್ಲಿ 85 ದಾಟಿದವರು ಅರ್ಜಿ ಕೊಟ್ಟರೆ ಮನೆಯಲ್ಲೇ ಮತ ಹಾಕಬಹುದಿತ್ತು. ಅರ್ಜಿ ತಂದ ಬಿಎಲ್ಓ (ಬೂತ್ ಮಟ್ಟದ ಅಧಿಕಾರಿ) ಮೇಡಂಗೆ ಅವ್ವ ಬೇಡ ಅಂದುಬಿಟ್ಟಳು. "ಎಲ್ಲರ ಜೊತೆ ಲೈನಲ್ಲಿ ನಿಂತು ಹಾಕ್ತೀನಿ ತಾಯಿ" ಅಂದಳು. ಆಟೋದಲ್ಲಿ ಕರೆದುಕೊಂಡು ಹೋದೆವು. ಬಟನ್ ಒತ್ತಿದ ಮೇಲೆ ಚೀಟಿ ಏಳು ಸೆಕೆಂಡು ಗಾಜಿನೊಳಗೆ ಕಾಣುತ್ತದಲ್ಲ, ಅದು ಒಳಗೆ ಬೀಳುವವರೆಗೂ ಅವ್ವ ಜಾಗ ಬಿಟ್ಟು ಕದಲಲಿಲ್ಲವಂತೆ. ಹಿಂದಿನವರು ಬೇಗ ಅಂದರೂ ತಿರುಗಿ ನೋಡಲಿಲ್ಲವಂತೆ. ಅವ್ವನ ಹೆಸರಲ್ಲಿ ಒಂದು ಗುಂಟೆ ಜಮೀನಿಲ್ಲ. ಆದರೆ ಮತದಾರರ ಪಟ್ಟಿಯಲ್ಲಿ ಅವಳ ಹೆಸರಿದೆ, ಊರ ಗೌಡರ ಹೆಸರು ಇರುವ ಹಾಗೇ. ನನಗೆ ವೋಟಿನ ಬೆಲೆ ಗೊತ್ತಾಗಿದ್ದು ಅವಳನ್ನು ನೋಡಿಯೇ.

ಹಾಗಂತ ಬೆಂಗಳೂರಲ್ಲೇ ನೆಲೆ ನಿಂತವರು ಸುಮ್ನೆ ಊರಲ್ಲಿ ಹೆಸರು ಇಟ್ಟುಕೊಳ್ಳುವುದು ಸರಿಯಲ್ಲ. ಫಾರಂ 8 ಕೊಟ್ಟು ಅಲ್ಲಿಗೇ ಬದಲಾಯಿಸಿಕೊಳ್ಳಲಿ. ಬಸ್ಸಲ್ಲಿ ಬರುವವರು ಬೇರೆ. ಹೆಂಡತಿ ಮಕ್ಕಳನ್ನು ಇಲ್ಲೇ ಬಿಟ್ಟು ಕೆಲವು ತಿಂಗಳು ಗಾರೆ ಕೆಲಸಕ್ಕೆ ಹೋದವರು. ಹಾಗೆ ಕೆಲಸಕ್ಕೆ ಹೋದ ಮಾತ್ರಕ್ಕೆ ಊರಿನ ಪಟ್ಟಿಯಲ್ಲಿ ಹಕ್ಕು ಹೋಗುವುದಿಲ್ಲ. ವೋಟಿನ ದಿನ ಸಂಬಳ ಕಡಿಯದೆ ರಜೆ ಕೊಡಬೇಕು ಅಂತಲೂ ಕಾನೂನಿದೆ, ದಿನಗೂಲಿಯವರಿಗೂ ಸೇರಿ. ಎಷ್ಟೋ ಮೇಸ್ತ್ರಿಗಳು ಕೊಡುವುದಿಲ್ಲ. ನಿಮ್ಮ ಪಕ್ಕದ ಕಟ್ಟಡದಲ್ಲಿ ನಮ್ಮ ಕಡೆಯವರು ಇದ್ದರೆ ಮೇಸ್ತ್ರಿಗೆ ಒಂದು ಮಾತು ಹೇಳಿ.